ಅಣ್ಣ ಕೊಟ್ಟ ರಕ್ತ

ನಾನು ಡಾಕ್ಟರಾಗಿ ಮೊದಲು ಕೆಲಸಕ್ಕೆ ಸೇರಿದ್ದು ನಮ್ಮ ತೆಂಗಿನ ಸೀಮೆಯಲ್ಲೇ, ಒಂದು ಸಣ್ಣ ಸರ್ಕಾರಿ ಆಸ್ಪತ್ರೆಯಲ್ಲಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರರ ನಡುವೆ ಎಲ್ಲೋ ಇತ್ತು ಎಂದಷ್ಟೇ ಹೇಳುತ್ತೇನೆ. ಊರಿನ ಹೆಸರು ಬೇಡ. ಹೇಳಹೊರಟಿರುವುದರಲ್ಲಿ ಆಸ್ಪತ್ರೆಯ ತಪ್ಪೇನೂ ಇಲ್ಲ, ತಪ್ಪು ನನ್ನದು. ಎಪ್ಪತ್ತರ ದಶಕ ಮುಗಿಯುತ್ತಿದ್ದ ವರ್ಷಗಳು. ನನಗೆ ಇಪ್ಪತ್ತಾರು ತುಂಬಿತ್ತು. ಚಿಕ್ಕನಾಯಕನಹಳ್ಳಿಯಲ್ಲಿ ಹುಟ್ಟಿ ಬೆಳೆದವಳು, ಮೈಸೂರಿನಲ್ಲಿ ಓದಿ ವಾಪಸ್ ಬಂದಿದ್ದೆ. ಆ ಆಸ್ಪತ್ರೆಗೆ ಬಂದ ಮೊದಲ ಲೇಡಿ ಡಾಕ್ಟರು ನಾನೇ ಎಂಬ ಹೆಮ್ಮೆ ಜನಕ್ಕೂ ಇತ್ತು, ನನಗೂ ಇತ್ತು. ನನಗೆ ಸ್ವಲ್ಪ ಜಾಸ್ತಿಯೇ ಇತ್ತು.

ಹೆರಿಗೆ ವಾರ್ಡಿನ ಪಕ್ಕದ ಕೋಣೆಯಲ್ಲಿ ಒಂದು ಮರದ ಬೀರು. ಅದರ ಬೀಗದ ಕೈ ನನ್ನ ಹತ್ತಿರ ಇರುತ್ತಿತ್ತು. ಒಳಗೆ ಗಾಜಿನ ಬಾಟಲಿಗಳು ಸಾಲಾಗಿ ಕೂತಿರುತ್ತಿದ್ದವು. ಒಂದರಲ್ಲಿ ಉಪ್ಪಿನ ನೀರು, ಒಂದರಲ್ಲಿ ಸಕ್ಕರೆ ನೀರು, ಇನ್ನೊಂದರಲ್ಲಿ ಎರಡೂ ಬೆರೆತದ್ದು. ಮೂಲೆಯಲ್ಲಿ ರಿಂಗರ್ ಲ್ಯಾಕ್ಟೇಟ್ ಎಂಬ ನಾಲ್ಕೈದು ಬಾಟಲಿ, ಜೀವ ಹೋಗುವ ಹೊತ್ತಿಗೆಂದು ಎತ್ತಿಟ್ಟದ್ದು. ನಮ್ಮ ಜನಕ್ಕೆ ಇವೆಲ್ಲ ಒಂದೇ. ಎಲ್ಲಕ್ಕೂ ಗ್ಲೂಕೋಸ್ ಎಂದೇ ಹೆಸರು. ಸುಸ್ತಾದರೆ, ತಲೆ ಸುತ್ತಿದರೆ, ಗಂಡನ ಜೊತೆ ಜಗಳವಾಡಿ ಊಟ ಬಿಟ್ಟರೆ, "ಒಂದು ಗ್ಲೂಕೋಸ್ ಹಾಕ್ಬುಡಿ ಡಾಕ್ಟ್ರಮ್ಮ" ಎಂದು ಬರುತ್ತಿದ್ದರು. ಅದರಲ್ಲೂ ವಿಟಮಿನ್ ಇಂಜೆಕ್ಷನ್ ಬೆರೆಸಿ ಹಳದಿಯಾದ ಬಾಟಲಿ ಎಂದರೆ ಪ್ರಾಣ. "ಬೆಳ್ಳಗಿರೋದು ಬ್ಯಾಡ, ಹಳದಿದು ಹಾಕಿ, ಅದ್ರಲ್ಲಿ ಶಕ್ತಿ ಐತೆ" ಎನ್ನುತ್ತಿದ್ದರು. ವಾಂತಿಭೇದಿಯಾಗಿ ಕಣ್ಣು ಗುಳಿ ಬಿದ್ದವನಿಗೆ ಬರೀ ಸಕ್ಕರೆ ನೀರು ಏರಿಸಿದರೆ ಉಪಯೋಗವಿಲ್ಲ, ಉಪ್ಪು ಬೇಕು, ಹೃದಯ ಸೋತವರಿಗೆ ಯಾವ ನೀರನ್ನೂ ಬೇಕಾಬಿಟ್ಟಿ ಕೊಡಬಾರದು ಎಂದು ನಾನು ತಿಳಿಸಿ ಹೇಳುತ್ತಿದ್ದೆ. ಸರಿಯಾದ ಬಾಟಲಿಯನ್ನು ಸರಿಯಾದ ರೋಗಿಗೆ ಆರಿಸುವುದರಲ್ಲಿ ನಾನು ತಪ್ಪುವುದಿಲ್ಲ ಎಂದು ನಂಬಿಕೊಂಡಿದ್ದೆ.

ರಕ್ತದ ಮಾತು ಬೇರೆ. ನಮ್ಮಲ್ಲಿ ಬ್ಲಡ್ ಬ್ಯಾಂಕ್ ಇರಲಿಲ್ಲ. ಇದ್ದದ್ದು ಒಬ್ಬರು ಲ್ಯಾಬ್ ಟೆಕ್ನಿಷಿಯನ್, ಒಂದು ಸೂಕ್ಷ್ಮದರ್ಶಕ, ಲಸಿಕೆ ಇಡುವ ಒಂದು ಫ್ರಿಜ್. ಆ ಟೆಕ್ನಿಷಿಯನ್‌ಗೆ ಐವತ್ತು ದಾಟಿತ್ತು. ಕನ್ನಡಕವನ್ನು ಹಣೆಗೇರಿಸಿಕೊಂಡು ಏನನ್ನಾದರೂ ವಿವರಿಸುತ್ತಲೇ ಇರುತ್ತಿದ್ದರಿಂದ ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ರಕ್ತ ಬೇಕಾದಾಗ ರೋಗಿಯ ಕಡೆಯವರನ್ನೇ ಕರೆದು, ಬಿಳಿ ಟೈಲಿನ ಮೇಲೆ ಹನಿ ಬೆರೆಸಿ ಗುಂಪು ನೋಡಿ, ರೋಗಿಯ ರಕ್ತದೊಂದಿಗೆ ಹೊಂದುತ್ತದೆಯೇ ಎಂದು ಪರೀಕ್ಷಿಸಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವವಿದ್ದ ಬಾಟಲಿಗೆ ಅವರೇ ಹಿಡಿದುಕೊಡುತ್ತಿದ್ದರು.

ಒಂದು ಬೇಸಿಗೆಯ ಬೆಳಗ್ಗೆ ಎತ್ತಿನ ಗಾಡಿಯಲ್ಲಿ ಒಬ್ಬ ಬಸುರಿಯನ್ನು ಕರೆತಂದರು. ಎಂಟು ತಿಂಗಳು. ಜೊತೆಗೆ ಅವಳ ಅತ್ತೆ ಮತ್ತು ಅವಳ ಅಣ್ಣ. ಹುಡುಗಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ಇದ್ದೀತು, ಅದಾಗಲೇ ಮೂರನೆಯ ಬಸಿರು. ಮಲಗಲಾರಳು, ಕೂತೇ ಏದುಸಿರು ಬಿಡುತ್ತಿದ್ದಳು. ಕೆಳಗಿನ ರೆಪ್ಪೆ ಎಳೆದು ನೋಡಿದೆ, ಬಿಳಿ ಕಾಗದದಂತಿತ್ತು. ಕಾಲು ಒತ್ತಿದರೆ ಬೆರಳಿಟ್ಟ ಕಡೆ ಕುಳಿ ಬೀಳುತ್ತಿತ್ತು. ಕುತ್ತಿಗೆಯ ನರ ಉಬ್ಬಿ ಬಡಿದುಕೊಳ್ಳುತ್ತಿತ್ತು.

"ಏನಮ್ಮಾ, ಎಷ್ಟು ದಿನದಿಂದ ಹೀಗೆ?" ಎಂದೆ.

"ಸುಸ್ತು ಕಣಕ್ಕ, ಅಷ್ಟೇಯ" ಎಂದಳು. ಡಾಕ್ಟ್ರಮ್ಮ ಎನ್ನಲಿಲ್ಲ, ಅಕ್ಕ ಎಂದಳು.

ಅತ್ತೆ ಮುಂದೆ ಬಂದಳು. "ಮೊನ್ನೆ ಮೊನ್ನೆಗಂಟ ತ್ವಾಟದಾಗೆ ಕೆಲ್ಸ ಮಾಡ್ಕಂಡೇ ಇದ್ಲು ತಾಯಿ. ಇವ್ಳಿಗೆ ಮಣ್ಣು ತಿನ್ನೋ ಚಟ. ಗ್ವಾಡೆ ಮಣ್ಣು ಕೆರ್ಕಂಡು ಕೆರ್ಕಂಡು ತಿಂತಾಳೆ. ಅದ್ಕೇ ಇಂಗಾಗವ್ಳೆ. ಒಂದು ಹಳದಿ ಗ್ಲೂಕೋಸ್ ಹಾಕಿ ಕಳ್ಸಿ."

ಮಣ್ಣು ತಿನ್ನುವುದು ಕಾರಣವಲ್ಲ, ರಕ್ತ ಕಡಿಮೆಯಾದದ್ದಕ್ಕೆ ಅದೇ ಗುರುತು. ಒದ್ದೆ ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರ ಪಾದದಿಂದ ಒಳಹೊಕ್ಕು ಕರುಳಿನಲ್ಲಿ ಕೂತು ರಕ್ತ ಹೀರುವ ಕೊಕ್ಕೆಹುಳು ಆ ಸೀಮೆಯಲ್ಲಿ ಮನೆಮನೆಯಲ್ಲೂ ಇತ್ತು. ಮೇಷ್ಟ್ರು ಅವಳ ಬೆರಳು ಚುಚ್ಚಿ ಗಾಜಿನ ಕೊಳವೆಯಲ್ಲಿ ಬಣ್ಣ ಹೋಲಿಸಿ ನೋಡಿದರು. ಹಿಮೋಗ್ಲೋಬಿನ್ ಹನ್ನೊಂದು ಹನ್ನೆರಡು ಗ್ರಾಂ ಇರಬೇಕಾದ ಕಡೆ ಮೂರು ಇತ್ತು. ಇನ್ನೊಮ್ಮೆ ಚುಚ್ಚಿ ನೋಡಿದರು. ಮೂರೇ.

ಗ್ಲೂಕೋಸ್ ಹಾಕುವುದಿಲ್ಲ ಎಂದೆ. ಇವಳ ರಕ್ತ ಮೊದಲೇ ನೀರಾಗಿದೆ, ಇನ್ನಷ್ಟು ನೀರು ಹಾಕಿದರೆ ಜೀವಕ್ಕೆ ಅಪಾಯ, ಹೆರಿಗೆ ನೋವು ಶುರುವಾಗುವ ಮೊದಲು ರಕ್ತವೇ ಕೊಡಬೇಕು ಎಂದೆ. ಅಲ್ಲಿಯವರೆಗೆ ನಾನು ಆರಿಸಿದ್ದು ಸರಿಯಾಗಿಯೇ ಇತ್ತು.

ಅತ್ತೆಗೆ ರಕ್ತದ ಮಾತು ಹಿಡಿಸಲಿಲ್ಲ. "ನನ್ ಮಗ ಮರ ಹತ್ತಿ ಕಾಯಿ ಕೆಡವೋನು ಕಣವ್ವ. ರಕ್ತ ಕೊಟ್ಟು ತಲೆ ತಿರುಗಿ ಬಿದ್ರೆ ಯಾರು ದಿಕ್ಕು?" ಎಂದಳು. ಗಂಡ ಬಂದೂ ಇರಲಿಲ್ಲ. ಅಣ್ಣ ಅಷ್ಟು ಹೊತ್ತು ಬಾಗಿಲಿಗೆ ಒರಗಿ ನಿಂತಿದ್ದ. ಕೊಬ್ಬರಿ ಮಂಡಿಯೊಂದರಲ್ಲಿ ಕಾಯಿ ಸುಲಿಯುವ ಕೆಲಸ ಅವನದು. ಅಂಗೈಯೆಲ್ಲ ಬೊಬ್ಬೆ ಗಟ್ಟಿಯಾಗಿ ಚರ್ಮ ಸಿಪ್ಪೆಯಂತಾಗಿತ್ತು.

"ನಂದು ತಗಳಿ" ಎಂದ. "ಅಪ್ಪ ಅವ್ವ ಇಲ್ಲ, ಇವ್ಳೊಬ್ಳೇ ನಂಗಿರೋದು."

ಅವನ ರಕ್ತ ಹೊಂದಿತು. ಮೇಷ್ಟ್ರು ಅವನನ್ನು ಬೆಂಚಿನ ಮೇಲೆ ಮಲಗಿಸಿ ಬಾಟಲಿ ತುಂಬಿಸಿಕೊಂಡರು. ಅವನು ಮುಖ ತಿರುಗಿಸಲಿಲ್ಲ, ತುಂಬುವವರೆಗೂ ಬಾಟಲಿಯನ್ನೇ ನೋಡುತ್ತಿದ್ದ. ಎದ್ದವನಿಗೆ ಆಯಾ ಕಾಫಿ ಕೊಟ್ಟಳು. ಕುಡಿದು ಬಾಯಿ ಒರೆಸಿಕೊಂಡು, "ಸಾಲ್ದಿದ್ರೆ ಇನ್ನೊಂದು ತುಂಬಿಸ್ಕಳಿ" ಎಂದ.

ಮೇಷ್ಟ್ರು ಬಾಟಲಿ ಹಿಡಿದು ನನ್ನ ಕೋಣೆಗೆ ಬಂದರು. ಕನ್ನಡಕ ಹಣೆಗೇರಿತ್ತು.

"ಮೇಡಂ, ಇದನ್ನ ಇವತ್ತು ಕೊಡೋದು ಬೇಡ. ಫ್ರಿಜ್ಜಲ್ಲಿ ನಿಲ್ಸಿರ್ತೀನಿ. ನಾಳೆ ಬೆಳಗ್ಗೆ ಹೊತ್ಗೆ ಕೆಂಪು ಕೆಳಗೆ ಕೂತ್ಕೊಳ್ಳುತ್ತೆ, ಹಳದಿ ನೀರು ಮೇಲೆ ಬರುತ್ತೆ. ಆ ನೀರು ತೆಗೆದುಬಿಟ್ಟು ಕೆಳಗಿನ ಕೆಂಪು ಮಾತ್ರ ಕೊಡಿ. ದೊಡ್ಡ ಡಾಕ್ಟ್ರು ಇಂಥವರಿಗೆ ಹಾಗೇ ಮಾಡೋದು."

ಅವರು ಹೇಳಿದ್ದರಲ್ಲಿ ನನಗೆ ಗೊತ್ತಿಲ್ಲದ್ದೇನೂ ಇರಲಿಲ್ಲ. ಇಂಥ ರೋಗಿಯ ದೇಹದಲ್ಲಿ ಕಡಿಮೆ ಇರುವುದು ಕೆಂಪು ಕಣ, ನೀರಿನಂಶ ಅಲ್ಲ. ಸೋತ ಹೃದಯಕ್ಕೆ ಇಡೀ ರಕ್ತ ಸುರಿದರೆ ಭಾರ ತಾಳಲಾರದು. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಅವತ್ತು ನನ್ನ ಮೇಲಿದ್ದ ದೊಡ್ಡ ಡಾಕ್ಟರು ಮಗಳ ಮದುವೆಗೆಂದು ರಜೆ ಹಾಕಿ ಹೋಗಿದ್ದರು, ಆಸ್ಪತ್ರೆ ನನ್ನ ಕೈಯಲ್ಲಿತ್ತು. ಅವಳ ಏದುಸಿರು ಕೇಳುತ್ತ ನಾಳೆಯವರೆಗೆ ಕಾಯುವ ಧೈರ್ಯ ನನಗಿರಲಿಲ್ಲ. ಜೊತೆಗೆ ಇನ್ನೊಂದು ಮಾತೂ ಇದೆ, ಈಗ ಮುಚ್ಚಿಡುವುದಿಲ್ಲ. ಲ್ಯಾಬಿನವರು ನನಗೆ ಹೇಳಿಕೊಡುವುದೇ ಎಂಬುದು ಮನಸ್ಸಿನಲ್ಲಿತ್ತು.

"ರಾತ್ರಿ ಕರೆಂಟ್ ಹೋದರೆ ಫ್ರಿಜ್ಜಲ್ಲಿಟ್ಟದ್ದು ಏನಾಗುತ್ತೆ ಮೇಷ್ಟ್ರೇ? ನಿಧಾನವಾಗಿ ಕೊಡ್ತೀನಿ ಬಿಡಿ" ಎಂದೆ.

ಅವರು ಬಾಟಲಿಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು.

ಬಾಟಲಿ ತೂಗುಹಾಕಿ ಹನಿ ಎಣಿಸಿ ಬಿಟ್ಟೆ. ನಿಮಿಷಕ್ಕೆ ಹದಿನೈದು ಹನಿ. ಮೊದಲ ಗಂಟೆ ಪಕ್ಕದಲ್ಲೇ ಕೂತಿದ್ದೆ. ಅವಳು ಚೆನ್ನಾಗಿಯೇ ಇದ್ದಳು. ಅಣ್ಣನನ್ನು ಕರೆದು, "ಹಸಿವಾದ್ರೆ ಓಟ್ಲಿಗೆ ಹೋಗಿ ಉಂಡು ಬಾ" ಎಂದಳು. ಆಮೇಲೆ ಹೊರರೋಗಿಗಳ ಸಾಲು ಜೋರಾಯಿತು. ಅವತ್ತು ಸಂತೆಯ ದಿನ, ಸುತ್ತಲ ಹಳ್ಳಿಯವರೆಲ್ಲ ಸಂತೆಗೆ ಬಂದವರು ಹಾಗೇ ಆಸ್ಪತ್ರೆಗೂ ಬಂದಿದ್ದರು. ನಡುನಡುವೆ ವಾರ್ಡಿಗೆ ಓಡಿ ನೋಡಿ ಬರುತ್ತಿದ್ದೆ. ಮಧ್ಯಾಹ್ನ ಎರಡು ಗಂಟೆಗೆ ನೋಡಿದಾಗ ಬಾಟಲಿ ಇನ್ನೂ ಅರ್ಧ ಬಾಕಿ. ಶೀಟಿನ ಚಾವಣಿ ಕಾದು ವಾರ್ಡು ಒಲೆಯಂತಾಗಿತ್ತು. ಹೊರಗಿಟ್ಟ ರಕ್ತವನ್ನು ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಏರಿಸಬಾರದು ಎಂಬ ನಿಯಮ ನೆನಪಾಯಿತು. ಇಷ್ಟು ಹೊತ್ತು ತಡೆದಿದ್ದಾಳೆ, ಇನ್ನು ಪರವಾಗಿಲ್ಲ ಎಂದುಕೊಂಡೆ. ಕೊಳವೆಯ ಮೇಲಿನ ತಿರುಪನ್ನು ನನ್ನ ಕೈಯಾರೆ ಸಡಿಲಿಸಿದೆ. ಹನಿಗಳು ಒಂದನ್ನೊಂದು ಅಟ್ಟಿಸಿಕೊಂಡು ಬೀಳತೊಡಗಿದವು. ನಾನು ಸಾಲಿನ ಕಡೆ ಹೋದೆ.

ಅರ್ಧ ಗಂಟೆಯೂ ಆಗಿರಲಿಲ್ಲ, ನರ್ಸ್ ಓಡಿ ಬಂದಳು. ಹೋಗಿ ನೋಡಿದರೆ ಹುಡುಗಿ ಮಂಚದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿ ಕೆಮ್ಮುತ್ತಿದ್ದಾಳೆ. ತುಟಿ ನೀಲಿ. ಬಾಯಿಂದ ನೊರೆ ಬರುತ್ತಿತ್ತು, ಅದಕ್ಕೆ ತಿಳಿಗೆಂಪು ಬಣ್ಣ. ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟರೆ ಒಳಗೆಲ್ಲ ಗುಳುಗುಳು ಸದ್ದು. ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಿತ್ತು. ನಾನೇ ತುಂಬಿಸಿದ ನೀರು.

ಬಾಟಲಿ ನಿಲ್ಲಿಸಿದೆ. ಕಾಲು ಕೆಳಗೆ ಬಿಟ್ಟು ಕೂರಿಸಿದೆವು. ಆಕ್ಸಿಜನ್ ಹಚ್ಚಿ ನೀರು ಇಳಿಸುವ ಇಂಜೆಕ್ಷನ್ ಕೊಟ್ಟೆ. ಐದು ನಿಮಿಷ ನೋಡಿದೆ, ಹತ್ತು ನಿಮಿಷ ನೋಡಿದೆ. ಕೆಮ್ಮು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಅವಳ ಕಣ್ಣು ನನ್ನ ಮುಖದ ಮೇಲೇ ಇತ್ತು. ತುಮಕೂರಿಗೆ ಕಳಿಸೋಣವೆಂದರೆ ಆಸ್ಪತ್ರೆಯ ಜೀಪು ಕೆಟ್ಟು ನಿಂತಿತ್ತು, ಬಸ್ಸಿನಲ್ಲಿ ಹೋಗಿ ಮುಟ್ಟುವ ಸ್ಥಿತಿ ಅವಳದಲ್ಲ. ಕೊನೆಗೆ ಉಳಿದದ್ದು ಒಂದೇ ದಾರಿ. ತುಂಬಿದ ಭಾರವನ್ನು ಇಳಿಸಬೇಕು, ಅಂದರೆ ಅವಳ ನರದಿಂದ ರಕ್ತ ಹೊರಗೆ ತೆಗೆಯಬೇಕು. ಮೂರು ಗ್ರಾಂ ರಕ್ತ ಇದ್ದವಳಿಂದ! ನಾನು ಬಾಯಿ ಬಿಡುವ ಮೊದಲೇ ಮೇಷ್ಟ್ರು ಖಾಲಿ ಬಾಟಲಿ ತಂದು ಪಕ್ಕದಲ್ಲಿ ನಿಂತಿದ್ದರು.

ಸೂಜಿ ಹಾಕಿದೆ. ರಕ್ತ ಬಾಟಲಿಗೆ ಇಳಿಯತೊಡಗಿತು. ಅದೇ ಹೊತ್ತಿಗೆ ಅವಳ ಅಣ್ಣ ಊಟ ಮುಗಿಸಿಕೊಂಡು ಬಾಗಿಲಲ್ಲಿ ಬಂದು ನಿಂತ. ಹಿಂದೆ ಅತ್ತೆ. ಅವರ ಹಿಂದೆ, ಗಲಾಟೆ ಕೇಳಿ ಕೂಡಿದ್ದ ಸಂತೆಯ ಜನ.

"ಏನ್ರೀ ಇದು!" ಎಂದ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. "ನಾನು ಕೊಟ್ಟಿದ್ದ ರಕ್ತಾನ ವಾಪಸ್ ಎಳೀತಿದ್ದೀರಲ್ಲ! ಯಾಕ್ ಎಳೀತಿದ್ದೀರ? ಯಾಕ್ರೀ?"

ಆಗ ನಾನು ಹೇಳಬಹುದಾಗಿದ್ದ ನಿಜ ತುಂಬ ಸಣ್ಣದು. ಜೋರಾಗಿ ಬಿಟ್ಟೆ, ನನ್ನ ತಪ್ಪು. ಅಷ್ಟೇ. ಆದರೆ ಬಾಗಿಲಲ್ಲಿ ಹತ್ತಿಪ್ಪತ್ತು ಜನರಿದ್ದರು. ಹುಡುಗಿ ಕೈಯಲ್ಲೇ ಹೋದರೆ ಎಂಬ ಹೆದರಿಕೆ ಬೇರೆ. ನನ್ನ ಬಾಯಿಂದ ಬಂದದ್ದು ಬೇರೆ ಮಾತು.

"ಆ ರಕ್ತ ಅವಳಿಗೆ ಆಗಿಬರಲಿಲ್ಲ. ಕೆಟ್ಟ ರಕ್ತ ತೆಗೀತಾ ಇದೀನಿ. ಎಲ್ಲರೂ ಹೊರಗೆ ನಡೀರಿ."

ಅವನು ತನ್ನ ಮೊಣಕೈಯ ಮೇಲಿನ ಹತ್ತಿಯನ್ನು ಒಮ್ಮೆ ನೋಡಿಕೊಂಡ. ಅತ್ತೆ ಅವನನ್ನು ತಿರುಗಿ ನೋಡಿದಳು. ಅವರು ಹೊರಗೆ ಹೋದರು.

ಅರ್ಧ ಬಾಟಲಿ ಬರುವಷ್ಟರಲ್ಲಿ ಕೆಮ್ಮು ಇಳಿಯಿತು. ಇಂಜೆಕ್ಷನ್ನೂ ಕೆಲಸ ಮಾಡತೊಡಗಿ ಮೂತ್ರ ಹೋಯಿತು. ಸಂಜೆಯಾಗುವ ಹೊತ್ತಿಗೆ ತುಟಿಯ ನೀಲಿ ಹೋಗಿ ದಿಂಬಿಗೆ ಒರಗಿ ಕೂರುವಷ್ಟಾದಳು. ನಾನು ಬೀರುವಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಬದುಕಿದಳೆಂದು ಅತ್ತೆನೋ, ನಾಚಿಕೆಗೆ ಅತ್ತೆನೋ, ಬೇರೆ ಮಾಡಿ ಹೇಳಲಾರೆ. ಹೊರಬಂದಾಗ ಮೇಷ್ಟ್ರು ವರಾಂಡದಲ್ಲಿ ನಿಂತಿದ್ದರು.

"ಮೇಡಂ, ಆ ಹುಡುಗಿಗೆ ಇನ್ನೂ ರಕ್ತ ಬೇಕು. ನನ್ನದೂ ಅದೇ ಗುಂಪು. ನಾನು ಕೊಡ್ತೀನಿ. ಈ ಸಲ ಫ್ರಿಜ್ಜಲ್ಲಿ ನಿಲ್ಸಿ ಕೆಂಪು ಮಾತ್ರ ಕೊಡೋಣ."

"ಆಗಲಿ ಮೇಷ್ಟ್ರೇ" ಎಂದೆ.

ಅವರು ಎರಡು ಹೆಜ್ಜೆ ಹೋಗಿ ನಿಂತರು. "ಒಂದು ಮಾತು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನ ರಕ್ತಾನೂ ಕೆಟ್ಟದ್ದು ಅನ್ನಬೇಡಿ."

ಅದನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು.

ಮಾರನೆಯ ದಿನ ಬೆಳಗ್ಗೆ ಫ್ರಿಜ್ ತೆಗೆದಾಗ ಬಾಟಲಿಯಲ್ಲಿ ಎರಡು ಪದರ ತಿಳಿಯಾಗಿ ಬೇರೆಯಾಗಿತ್ತು. ಕೆಳಗೆ ದಟ್ಟ ಕೆಂಪು, ಮೇಲೆ ಹರಳೆಣ್ಣೆ ಬಣ್ಣದ ನೀರು. ಬಾಟಲಿ ಅಲುಗದಂತೆ ಮೇಷ್ಟ್ರು ಹಿಡಿದರು, ನಾನು ಉದ್ದ ಸೂಜಿಯಿಂದ ಮೇಲಿನ ನೀರನ್ನು ಹೀರಿ ತೆಗೆದೆ. ಅದು ಯಾರಿಗೂ ಬೇಡದ ಕಸವಲ್ಲ, ಮೈ ಸುಟ್ಟುಕೊಂಡು ಬಂದವರಿಗೆ ಅದೇ ಅಮೃತ. ಆದರೆ ಅವಳಿಗೆ ವಿಷ. ಅತ್ತೆ ಬಾಗಿಲಲ್ಲಿ ನೋಡುತ್ತಿದ್ದಳು. "ಹಳದೀಲೇ ಅಲ್ವಾ ಶಕ್ತಿ ಇರೋದು, ಅದನ್ನೇ ತೆಗುದ್ಬುಟ್ರಲ್ಲ" ಎಂದಳು. ಅವತ್ತು ವಿವರಿಸುವ ಮನಸ್ಸಾಗಲಿಲ್ಲ. ಹೊರರೋಗಿಗಳನ್ನು ಕಾಯಿಸಿ, ಮಂಚದ ಪಕ್ಕ ಸ್ಟೂಲು ಹಾಕಿಕೊಂಡು, ಕೊನೆಯ ಹನಿಯವರೆಗೂ ಎಣಿಸುತ್ತ ಕೂತೆ. ಹುಡುಗಿ ಒಂದು ಸಲವೂ ಕೆಮ್ಮಲಿಲ್ಲ.

ಹತ್ತು ದಿನ ಬಿಟ್ಟು ಅವಳಿಗೆ ನಮ್ಮಲ್ಲೇ ಹೆರಿಗೆಯಾಯಿತು. ಹೆಣ್ಣು ಮಗು, ಹಿಡಿಯಷ್ಟು. ಆದರೂ ಅತ್ತಿತು, ಹಾಲು ಕುಡಿಯಿತು. ಮನೆಗೆ ಹೋಗುವಾಗ ಹುಳುವಿನ ಔಷಧಿ, ಕಬ್ಬಿಣದ ಮಾತ್ರೆ ಕೊಟ್ಟು, ತೋಟಕ್ಕೆ ಹೋಗುವಾಗ ಕಾಲಿಗೆ ಮೆಟ್ಟು ಹಾಕಿಕೋ ಎಂದೆ. ಅತ್ತೆ ಕೈ ಮುಗಿದು, "ಸಾಯೋಳ್ನ ಉಳಿಸ್ಕೊಟ್ರಿ ತಾಯಿ" ಎಂದಳು. ಅಣ್ಣ ಗಾಡಿಗೆ ಹುಲ್ಲು ಹಾಸುತ್ತಿದ್ದ. ನನ್ನ ಕಡೆ ನೋಡಲಿಲ್ಲ. ಅವನನ್ನು ಕರೆದು ಮಾತಾಡಬೇಕು ಎಂದುಕೊಂಡೆ. ಯಾರೋ ಕರೆದರು, ಒಳಗೆ ಹೋದೆ. ಯಾರೂ ಕರೆಯದಿದ್ದರೂ ಬಹುಶಃ ಹೋಗುತ್ತಿದ್ದೆ.

ಮಳೆಗಾಲ ಕಳೆಯಿತು. ಮಗುವಿಗೆ ಚುಚ್ಚುಮದ್ದು ಹಾಕಿಸಲು ಅವಳು ಬಂದಳು. ಮುಖದಲ್ಲಿ ಬಣ್ಣ ಬಂದಿತ್ತು, ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು. ಸಂತೋಷವಾಯಿತು. ನಿನ್ನ ಅಣ್ಣ ಹೇಗಿದ್ದಾನೆ ಎಂದು ಕೇಳಿದೆ.

ಅವಳು ಮಗುವಿನ ಬಟ್ಟೆ ಸರಿಮಾಡುತ್ತ ಹೇಳಿದಳು. "ಅವ್ನಿಗೆ ಮದ್ವೆ ಮಾತಾಗಿತ್ತು ಕಣಕ್ಕ. ಹೆಣ್ಣು ನೋಡಿ ಒಪ್ಪಿದ್ರು. ವೀಳ್ಯ ಬದ್ಲಾಯಿಸೋದೊಂದು ಬಾಕಿ. ಅಷ್ಟ್ರಲ್ಲಿ ಹೆಣ್ಣಿನ ಕಡೆಯೋರಿಗೆ ಯಾರೋ ಯೋಳವ್ರೆ, ಅವ್ನ ರಕ್ತ ಕೆಟ್ಟುದ್ದು, ತಂಗೀನೇ ಸಾಯ್ತಿದ್ಲು, ಡಾಕ್ಟ್ರೇ ವಾಪಸ್ ತಗುದ್ರು ಅಂತ. ಬುಟ್ಬುಟ್ರು. ನಮ್ಮತ್ತೇನೂ ಅವ್ನು ಮನೆಗೆ ಬಂದ್ರೆ ಮಗೀನ ಎತ್ಕಳಾಕೆ ಬುಡಾಕಿಲ್ಲ." ಆಮೇಲೆ ಕೇಳಿದಳು. "ನಿಜ್ವೇನಕ್ಕ? ಅವ್ನಿಗೇನೋ ಕಾಯಿಲೆ ಐತಾ?"

ಅವಳಿಗೆ ಎಲ್ಲವನ್ನೂ ಹೇಳಿದೆ. ನಿನ್ನ ಅಣ್ಣನ ರಕ್ತದಲ್ಲಿ ಯಾವ ದೋಷವೂ ಇರಲಿಲ್ಲ, ನಾನು ಜೋರಾಗಿ ಬಿಟ್ಟದ್ದರಿಂದ ಹಾಗಾಯಿತು, ಜನರ ಮುಂದೆ ಹೆದರಿ ಸುಳ್ಳು ಹೇಳಿದೆ ಎಂದೆ. ಅವಳು ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. ಮಗುವನ್ನು ಎದೆಗವಚಿಕೊಂಡು ಎದ್ದಳು. "ನಂಗ್ ಯೋಳಿದ್ರೆ ಏನಾಯ್ತದೆ ಅಕ್ಕ, ಅವ್ನಿಗೆ ಯೋಳಿ" ಎಂದಳು.

ಆ ಭಾನುವಾರ ಬಸ್ಸು ಹತ್ತಿದೆ. ಮೇಷ್ಟ್ರನ್ನು ಕೇಳಿಕೊಂಡಿದ್ದೆ, ಅವರೂ ಬಂದರು. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ತೋಟದ ಮೇಲೆ ತೋಟ. ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ, ಕೆಡಿಸುತ್ತಿದ್ದೆ. ಅವನು ಕೆಲಸ ಮಾಡುವ ಮಂಡಿ ಊರ ಹೊರಗಿತ್ತು. ನೆಲಕ್ಕೆ ನೆಟ್ಟ ಚೂಪು ಕಬ್ಬಿಣಕ್ಕೆ ಕಾಯಿ ಕುಕ್ಕಿ, ತಿರುಚಿ ಸಿಪ್ಪೆ ಬಿಡಿಸುತ್ತಿದ್ದ. ನಮ್ಮನ್ನು ನೋಡಿ ಕೈಯಲ್ಲಿದ್ದ ಕಾಯಿಯನ್ನು ಮುಗಿಸಿಯೇ ಬಂದ.

"ತಂಗಿಗೇನಾದ್ರೂ ಆಯ್ತಾ?" ಎಂದ.

ಇಲ್ಲ ಎಂದೆ. ಸಿಪ್ಪೆಯ ರಾಶಿಯ ಪಕ್ಕ ನಿಂತೇ ಎಲ್ಲ ಹೇಳಿದೆ. ಅವನು ನೆಲ ನೋಡುತ್ತ ಕೇಳಿಸಿಕೊಂಡ. ನಾನು ಮುಗಿಸಿದ ಮೇಲೆ ಮೇಷ್ಟ್ರು, "ನಿನ್ನ ರಕ್ತ ನಾನೇ ನೋಡಿದೀನಿ ಕಣಪ್ಪ. ಒಂದಿಷ್ಟೂ ಐಬಿಲ್ಲ" ಎಂದರು.

ಅವನು ಮೇಷ್ಟ್ರನ್ನು ಕೇಳಿದ. "ಅವತ್ತೂ ಇದು ಗೊತ್ತಿತ್ತಾ ನಿಮ್ಗೆ?"

ಮೇಷ್ಟ್ರು ತಲೆ ತಗ್ಗಿಸಿದರು. "ಗೊತ್ತಿತ್ತು" ಎಂದರು. ನನ್ನ ಸುಳ್ಳಿನಲ್ಲಿ ಅವರಿಗೂ ಪಾಲು ಹಂಚಿದ್ದೇನೆ ಎಂಬುದು ನನಗೆ ಹೊಳೆದದ್ದು ಆಗಲೇ.

"ಅವತ್ತೇ ಯೋಳಿದ್ರೆ ಏನಾಗ್ತಿತ್ತು ಡಾಕ್ಟ್ರಮ್ಮ? ನಾನೇನು ಹೊಡೀತಿದ್ನಾ ನಿಮ್ಮನ್ನ?" ಎಂದ. ದನಿ ಏರಲೇ ಇಲ್ಲ.

ಹೆಣ್ಣಿನ ಮನೆಗೆ ನಾನೇ ಹೋಗಿ ಹೇಳುತ್ತೇನೆ ಎಂದೆ. ಬೇಡ ಎಂದ. ಆದರೂ ಹೋದೆವು. ಎರಡು ಮೈಲಿ ಆಚೆಯ ಊರು. ಹುಡುಗಿಯ ಅಪ್ಪ ಮರ್ಯಾದಸ್ಥ, ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿ ಎಳನೀರು ಕೊಚ್ಚಿಕೊಟ್ಟರು. ನಾನು ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದರು. ಕೊನೆಗೆ, "ಅಲ್ಲ ಕಣವ್ವ, ಅವತ್ತು ಕೆಟ್ಟುದ್ದು ಅಂದಿದ್ದೂ ನೀವೇ, ಇವತ್ತು ಒಳ್ಳೇದು ಅನ್ನೋದೂ ನೀವೇ. ಯಾವ್ದು ನಂಬಾನ ನಾವು? ಹೆಣ್ಣು ಕೊಡೋರು ನಾವು" ಎಂದರು. ಹುಡುಗಿಯನ್ನು ಬೇರೆ ಕಡೆ ಒಪ್ಪಿಸಿಯಾಗಿದೆ ಎಂದೂ ಹೇಳಿದರು. ಎಳನೀರನ್ನು ಜಗಲಿಯ ಮೇಲಿಟ್ಟು ಎದ್ದೆ.

ವಾಪಸ್ ಮಂಡಿಗೆ ಬಂದು ಅವನಿಗೆ ಒಂದು ಕಾಗದ ಬರೆದುಕೊಟ್ಟೆ. ಇವರ ರಕ್ತ ಪರೀಕ್ಷಿಸಲಾಗಿದೆ, ಯಾವ ಕಾಯಿಲೆಯೂ ಇಲ್ಲ, ಆವತ್ತಿನ ತೊಂದರೆಗೆ ನಾನೇ ಕಾರಣ ಎಂದು ಬರೆದು ಸಹಿ ಮಾಡಿ ಕೆಳಗೆ ನನ್ನ ಹುದ್ದೆಯನ್ನೂ ಬರೆದೆ. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಅವನಿಗೆ ಓದಲು ಬರುತ್ತಿರಲಿಲ್ಲ.

"ಇದನ್ನ ಯಾರಿಗ್ ತೋರಿಸ್ಲಿ?" ಎಂದ. ಆದರೂ ಮಡಿಸಿ ಜೇಬಿಗೆ ಹಾಕಿಕೊಂಡ.

ಅವನ ತಂಗಿಯ ಮನೆಗೂ ಹೋಗಿ ಅತ್ತೆಗೆ ಹೇಳಿದೆ. ಆಕೆ ಹೂಂಗುಟ್ಟಿದಳು. ಅದಾದ ಮೇಲೆ ಅವನು ಬಂದರೆ ಮಗುವನ್ನು ಎತ್ತಿಕೊಳ್ಳಲು ಬಿಡುತ್ತಿದ್ದಳಂತೆ. ನಾನು ಸರಿಮಾಡಲು ಸಾಧ್ಯವಾದದ್ದು ಅದೊಂದೇ. ದೊಡ್ಡ ಡಾಕ್ಟರು ರಜೆಯಿಂದ ಬಂದಾಗ ರಕ್ತ ಜೋರಾಗಿ ಬಿಟ್ಟದ್ದನ್ನು ಅವರಿಗೆ ಹೇಳಿದ್ದೆ, ಸುಳ್ಳಾಡಿದ್ದನ್ನು ಹೇಳಿರಲಿಲ್ಲ. ಈಗ ಅದನ್ನೂ ಹೇಳಿದೆ. ಅವರು ಪೆನ್ನಿನ ಮುಚ್ಚಳ ತಿರುಗಿಸುತ್ತ, "ಮೊದಲನೇದು ಎಲ್ಲರೂ ಮಾಡ್ತಾರಮ್ಮ. ನಾನೂ ಮಾಡಿದೀನಿ" ಎಂದರು. ಎರಡನೆಯದರ ಬಗ್ಗೆ ಏನೂ ಹೇಳಲಿಲ್ಲ.

ಆಮೇಲೆ ನಾನು ಆ ಆಸ್ಪತ್ರೆಯಲ್ಲಿ ಇನ್ನೂ ಮೂರು ವರ್ಷ ಇದ್ದೆ. ರಕ್ತ ಏರಿಸುವ ಪ್ರತಿ ರೋಗಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂರುವುದು ರೂಢಿಯಾಯಿತು. ಏನಾದರೂ ತಪ್ಪಿದರೆ, ಅಲ್ಲೇ, ಆಗಲೇ, ಅವರ ಕಡೆಯವರಿಗೆ ಹೇಳಿಬಿಡುತ್ತಿದ್ದೆ. ಒಂದೆರಡು ಸಲ ಬಯ್ಗುಳವನ್ನೂ ತಿಂದೆ. ಒಮ್ಮೆ ಒಬ್ಬ ಮುದುಕ ಕೋಲೆತ್ತಿಕೊಂಡು ಬಂದಿದ್ದ. ಅದರಿಂದ ನನಗೆ ಕೆಡುಕೇನೂ ಆಗಲಿಲ್ಲ.

ಅವನ ಮದುವೆ ಎರಡು ವರ್ಷ ತಡವಾಗಿ ಆಯಿತು, ಗುಡ್ಡದ ಆಚೆಯ ಒಂದು ಊರಿನ ಹುಡುಗಿಯ ಜೊತೆ. ಈ ಸುದ್ದಿ ಮುಟ್ಟದಷ್ಟು ದೂರದ ಊರು ಎಂದು ಅವನ ತಂಗಿಯೇ ಹೇಳಿದಳು. ಅದನ್ನು ಹೇಳಿದ್ದು ಅವಳು ಮತ್ತೆ ಬಸುರಿಯಾಗಿ ತೋರಿಸಿಕೊಳ್ಳಲು ಬಂದಾಗ. ಈ ಸಲ ರಕ್ತ ಒಂಬತ್ತೂವರೆ ಇತ್ತು. ಅಣ್ಣನೇ ಕರೆದುಕೊಂಡು ಬಂದಿದ್ದಾನೆ, ಒಳಗೆ ಬರಲು ಒಲ್ಲೆ ಅಂದ ಎಂದಳು. ನಾನೇ ಎದ್ದು ಗೇಟಿನವರೆಗೆ ಹೋದೆ. ಬೇವಿನ ಮರದ ಕೆಳಗೆ ಕುಕ್ಕರುಗಾಲಲ್ಲಿ ಕೂತಿದ್ದವನು ಎದ್ದು ನಿಂತ.

"ತಂಗಿ ಚೆನ್ನಾಗಿದ್ದಾಳೆ. ಈ ಸಲ ರಕ್ತ ಬೇಕಾಗಲ್ಲ" ಎಂದೆ.

"ಬೇಕಾದ್ರೂ ನಂದು ಬ್ಯಾಡ ಡಾಕ್ಟ್ರಮ್ಮ. ಬ್ಯಾರೆಯೋರ್ದು ನೋಡ್ಕಳಿ" ಎಂದ.

"ನಿನ್ನ ರಕ್ತದಲ್ಲಿ ಏನೂ ಇಲ್ಲ ಅಂತ ಹೇಳಿದ್ದೀನಲ್ಲಪ್ಪ. ಕಾಗದಾನೂ ಕೊಟ್ಟಿದ್ದೀನಿ."

"ಕೊಟ್ಟಿದ್ದೀರಿ. ಪೆಟ್ಟಿಗೇಲಿ ಮಡಗಿವ್ನಿ." ಅವನು ತನ್ನ ಮೊಣಕೈಯ ಒಳಮೈ ಉಜ್ಜಿಕೊಂಡ. "ನನ್ ಹೆಂಡ್ತೀಗೂ ಈಗ ಮೂರು ತಿಂಗ್ಳು. ನೀವು ಅವತ್ತು ಅಂದ ಮಾತು ಸುಳ್ಳು ಅಂತ ಗೊತ್ತು. ಆದ್ರೂ ಒಂದೊಂದ್ಸಲ ಹುಟ್ಟೋ ಮಗೀಗೆ ಏನಾದ್ರೂ ಆಯ್ತದಾ ಅಂತ ಅನ್ಸ್ತದೆ. ನಂಗೇ ಅನುಮಾನ."

ಹೆಂಡತಿಯನ್ನು ಕರೆದುಕೊಂಡು ಬಾ, ನಾನೇ ನೋಡುತ್ತೇನೆ ಎಂದೆ. ತಲೆಯಾಡಿಸಿದ. ಬರಲಿಲ್ಲ. ಅವನಿಗೆ ಗಂಡು ಮಗುವಾಯಿತು, ದುಂಡಗಿದೆ ಎಂದು ಗೊತ್ತಾಗುವ ಹೊತ್ತಿಗೆ ನನಗೆ ಬೇರೆ ಜಿಲ್ಲೆಗೆ ವರ್ಗವಾಗಿತ್ತು. ಮೇಷ್ಟ್ರು ಒಂದು ಕಾರ್ಡಿನಲ್ಲಿ ಆ ಸುದ್ದಿ ಬರೆದಿದ್ದರು.